ಮೂರು ವೈರಿನ ಸಂಸಾರ

ಕರೆಂಟು ಹೋಗಲೆಂದು ದೇವರಿಗೆ ಕೈಮುಗಿಯುವ ಮನುಷ್ಯ ಚಾಮರಾಜಪೇಟೆಯಲ್ಲಿ ಒಬ್ಬನೇ ಒಬ್ಬನಿದ್ದ. ಅವನ ಕೆಲಸವೋ, ಕರೆಂಟು ಹೋದರೂ ಹೋಗದ ಹಾಗೆ ನೋಡಿಕೊಳ್ಳುವುದು. ಈ ವೈಚಿತ್ರ್ಯವನ್ನು ಬ್ರಹ್ಮ ಬೇಕೆಂದೇ ಅವನ ಹಣೆಯಲ್ಲಿ ಬರೆದನೋ, ಬರೆಯುವ ಹೊತ್ತಿಗೆ ಬ್ರಹ್ಮನ ಮನೆಯಲ್ಲೂ ಕರೆಂಟು ಹೋಗಿತ್ತೋ, ಹೇಳುವವರಿಲ್ಲ.

ಹೆಸರು ವರದರಾಜ. ವಯಸ್ಸು ನಲವತ್ತಾರು. ಮದುವೆಯ ಮಾತೆತ್ತಿದರೆ, "ಆಗ್ಬೇಕಿತ್ತು, ಯಾಕೋ ಆಗ್ಲಿಲ್ಲ" ಎಂದು ಮೂವತ್ತನಾಲ್ಕನೇ ನಂಬರಿನ ಬಸ್ಸು ತಪ್ಪಿಸಿಕೊಂಡವನ ಹಾಗೆ ಹೇಳಿ ಸುಮ್ಮನಾಗುತ್ತಿದ್ದ. ವಿದ್ಯಾವಾಹಿನಿ ಶಿಕ್ಷಣ ಸಮಿತಿಯ ಕಚೇರಿಗೆ ಟೈಪಿಸ್ಟಾಗಿ ಸೇರಿದವನು. ತೊಂಬತ್ತೆಂಟರಲ್ಲಿ ಸಮಿತಿಯವರು ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ, ತಮ್ಮ ಒಂಬತ್ತು ಶಾಲೆಗಳ ಅಂಕಪಟ್ಟಿಗಳನ್ನೆಲ್ಲ ಇಡುವುದಕ್ಕೆ ಎರಡು ಸರ್ವರು ತರಿಸಿದರು. ಅವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂತು. ಸರ್ವರಿನ ಕೋಣೆಯ ಬಾಗಿಲಿಗೆ ಯಾರ ಮೇಜು ಹತ್ತಿರವಿದೆಯೋ ಅವರೇ ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕರು ಎಂದು ತೀರ್ಮಾನವಾಯಿತು. ಹಿಂದೆ ರಾಜನಿಲ್ಲದ ಊರಿನಲ್ಲಿ ಆನೆಯ ಸೊಂಡಿಲಿಗೆ ಹಾರ ಕೊಟ್ಟು ಬಿಡುತ್ತಿದ್ದರಂತೆ, ಅದು ದಾರಿಯಲ್ಲಿ ಆಕಳಿಸುತ್ತ ನಿಂತವನ ಕೊರಳಿಗೆ ಹಾಕಿದರೆ ಅವನೇ ರಾಜನಂತೆ. ವರದರಾಜ ಹಾಗೆ ಪಟ್ಟಕ್ಕೆ ಬಂದವನು.

ಸರ್ವರುಗಳ ಹಿಂದೆಯೇ ಯುಪಿಎಸ್ ಎಂಬುದೂ ಬಂತು. ಮಂಡಿಯೆತ್ತರದ ಕಪ್ಪು ಪೆಟ್ಟಿಗೆ, ಪಕ್ಕದಲ್ಲಿ ಕಬ್ಬಿಣದ ಅಟ್ಟಣೆಯ ಮೇಲೆ ಸಾಲಾಗಿ ಹತ್ತು ಬ್ಯಾಟರಿ. ಕರೆಂಟು ಹೋದ ಕ್ಷಣವೇ ಬ್ಯಾಟರಿಗಳಿಂದ ಸರ್ವರುಗಳಿಗೆ ಉಸಿರು ದಾಟಿಸುವುದು ಅದರ ಧರ್ಮ. ಏಳು ಸಮುದ್ರದಾಚೆ ಒಂದು ಗಿಣಿಯಲ್ಲಿ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ ಒಂಬತ್ತು ಶಾಲೆಗಳ ಪ್ರಾಣ ಆ ಪೆಟ್ಟಿಗೆಯಲ್ಲಿತ್ತು. ವರದರಾಜ ತಿಂಗಳಿಗೊಮ್ಮೆ ಸ್ನಾನ ಮಾಡಿ ಬಂದು ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಎರೆಯುತ್ತಿದ್ದ. ಎರೆಯುವಾಗ ಮಾತಾಡುತ್ತಿರಲಿಲ್ಲ. ಆಯುಧಪೂಜೆಯಂದು ಪೆಟ್ಟಿಗೆಗೆ ಕುಂಕುಮ, ಸೇವಂತಿಗೆ, ಮೂರು ಸುತ್ತು ಕರ್ಪೂರದಾರತಿ. ಹೊಗೆಗೆ ಅದು ಒಮ್ಮೆ 'ಕೀ' ಎಂದಿತ್ತು. ಪ್ರಸಾದ ಕೊಟ್ಟಿತೆಂದು ಅವನು ಕಣ್ಣಿಗೊತ್ತಿಕೊಂಡ.

ಕಚೇರಿ ಹಳೆಯ ಮನೆಯೊಂದರ ಮಹಡಿಯಲ್ಲಿತ್ತು. ಅದರ ಹಿತ್ತಿಲಿಗೆ ಅಂಟಿಕೊಂಡು ಕೆಳಗೆ ಒಂದು ವಠಾರ. ವಠಾರದ ಕೊನೆಯ ಒಂಟಿ ಕೋಣೆಯಲ್ಲಿ ವರದರಾಜನ ವಾಸ. ಬೆಳಿಗ್ಗೆ ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಕಚೇರಿ, ಸಂಜೆ ಇಪ್ಪತ್ತೆರಡು ಮೆಟ್ಟಿಲು ಇಳಿದರೆ ಮನೆ. ನಡುವೆ ಇವನನ್ನು ಯಾರೂ 'ಹೇಗಿದೀಯ' ಎಂದು ಕೇಳುತ್ತಿರಲಿಲ್ಲ. ಕೇಳಬಾರದೆಂದಲ್ಲ, ದಿನಾ ಕಾಣುವ ಕಂಬವನ್ನು ಯಾರು ತಾನೇ ಕೇಳುತ್ತಾರೆ?

ಹೀಗಿರುವಾಗ ಒಂದು ಸಂಜೆ ಕರೆಂಟು ಹೋಯಿತು. ಸರ್ವರಿನ ಕೋಣೆಯ ಕಿಟಕಿಯ ನೇರ ಕೆಳಗಿನ ಮನೆ ಸುಂದರಮ್ಮನದು. ಗಂಡ ತೀರಿಕೊಂಡು ಆರು ವರ್ಷ, ಅಂದಿನಿಂದ ಆಕೆ ಬಿಡದೆ ನೋಡುತ್ತಿದ್ದುದು ಒಂದು ಟೀವಿ ಧಾರಾವಾಹಿ. ಅದರ ನಾಯಕಿ ಮೂರು ತಿಂಗಳಿಂದ ಒಂದು ಕಾಗದವನ್ನು ಕೈಯಲ್ಲಿ ಹಿಡಿದೇ ಇದ್ದಳು. ಅಂದು ಒಡೆಯುವುದಿತ್ತು. ಒಡೆಯುವಷ್ಟರಲ್ಲಿ ಟೀವಿ ಕಪ್ಪಾಯಿತು.

"ಅಯ್ಯೋ ನನ್ನ ಕರ್ಮವೇ!" ಎಂಬ ಕೂಗು ಮಹಡಿಗೆ ಕೇಳಿಸಿತು.

ಸರ್ವರಿನ ಕೋಣೆಯಲ್ಲಿ ವರದರಾಜ ಬೆಳಕಿನಲ್ಲಿ ಕೂತಿದ್ದ. ಕೆಳಗೆ ಒಂದು ಜೀವ ಕತ್ತಲಲ್ಲಿ ಕರ್ಮವನ್ನು ಬೈಯುತ್ತಿತ್ತು. ಅವನು ಏನನ್ನೂ ಯೋಚಿಸಲಿಲ್ಲ. ಯುಪಿಎಸ್ಸಿನ ಹಿಂದೆ ಒಂದು ವೈರು ಸಿಕ್ಕಿಸಿ ಕಿಟಕಿಯಿಂದ ಇಳಿಬಿಟ್ಟು, "ಸುಂದರಮ್ಮನೋರೇ, ಟೀವಿ ಪಿನ್ನು ಇದಕ್ಕೆ ಹಾಕಿ!" ಎಂದ.

ಕಾಗದ ಒಡೆಯಲಾಯಿತು. ಅದರಲ್ಲಿ ಏನೂ ಬರೆದಿರಲಿಲ್ಲವೆಂಬುದು ಬೇರೆ ಮಾತು. ಸುಂದರಮ್ಮ ತನ್ನ ಗಂಡ ಕೂರುತ್ತಿದ್ದ ಬೆತ್ತದ ಕುರ್ಚಿಯ ಮೇಲಿನ ಬಟ್ಟೆಗಳನ್ನು ತೆಗೆದು, ಸೆರಗಿನಿಂದ ಒರೆಸಿ, "ಬಾಪ್ಪ, ಕೂತ್ಕೋ. ಕಾಫಿ ಕೊಡ್ತೀನಿ" ಎಂದಳು. ಆರು ವರ್ಷದಿಂದ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ವಠಾರಕ್ಕೆ ಬಂದ ಹನ್ನೊಂದು ವರ್ಷದಿಂದ ವರದರಾಜನಿಗೆ ಯಾರೂ ಕೂತ್ಕೋ ಎಂದಿರಲಿಲ್ಲ.

ಎರಡನೆಯ ವೈರು ಮಲ್ಲಿಕಾರ್ಜುನಯ್ಯನವರ ಮನೆಗೆ ಹೋಯಿತು. ನಿವೃತ್ತ ಹೆಡ್ಮಾಸ್ತರು, ಜೀವನದಲ್ಲಿ ಒಂದು ಸೀಮೆಸುಣ್ಣವನ್ನೂ ಮನೆಗೆ ತಂದವರಲ್ಲ. ಮಿಡ್ಲ್ ಸ್ಕೂಲಿನಲ್ಲಿ ವರದರಾಜನಿಗೆ ಗಣಿತ ಹೇಳಿದವರು.

"ಏನೋ ವರದರಾಜ, ಸುಂದರಮ್ಮನೋರ ಮನೇಲಿ ಮಾತ್ರ ದೀಪ ಉರಿಯುತ್ತೆ. ಸಮಿತಿಯೋರು ಕೊಟ್ಟಿದಾರಾ?"

"ಹೂಂ ಸಾರ್."

"ಅಕ್ಕಪಕ್ಕದೋರಿಗೆ ಉಪಕಾರ ಅಂತ ಕೊಟ್ಟಿದಾರಾ?"

"ಹೂಂ ಸಾರ್."

"ಲಿಖಿತವಾಗಿ ಅನುಮತಿ ಇದೆಯಾ?"

"ಹೂಂ ಸಾರ್."

ಇದನ್ನು ಸುಳ್ಳು ಎನ್ನುವುದು ತಪ್ಪು. ಮಲ್ಲಿಕಾರ್ಜುನಯ್ಯನವರ ಎದುರು 'ಹೂಂ ಸಾರ್' ಬಿಟ್ಟು ಬೇರೆ ಪದ ವರದರಾಜನ ಬಾಯಿಂದ ಎಂದೂ ಹೊರಟಿದ್ದಿಲ್ಲ. ಏಳನೇ ಕ್ಲಾಸಿನಲ್ಲಿ "ಹನ್ನೆರಡೊಂಬತ್ತಲ ನೂರಾ ಆರು ಏನೋ?" ಎಂದು ಅವರು ಗದರಿದ್ದಾಗಲೂ "ಹೂಂ ಸಾರ್" ಎಂದು ಏಟು ತಿಂದವನು ಅವನು. ಅವರ ಟೇಬಲ್ ಲೈಟಿಗೆ ವೈರು ಹೋಯಿತು. ಬದಲಿಗೆ ಮೇಷ್ಟ್ರು ಮಂಗಳವಾರ ಮತ್ತು ಗುರುವಾರ ಅವನನ್ನು ಎದುರಿಗೆ ಕೂರಿಸಿಕೊಂಡು ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ ಹೇಳತೊಡಗಿದರು.

ಮೂರನೆಯದು ವಿಶಾಲಾಕ್ಷಮ್ಮನಿಗೆ. ಮಗಳ ಬಾಣಂತನ ನಡೆಯುತ್ತಿತ್ತು, ಕೂಸಿಗೆ ಸೆಕೆ. "ವರದಣ್ಣ, ಬರೀ ಒಂದ್ ಫ್ಯಾನಿಗೆ" ಎಂದು ತೆಗೆದುಕೊಂಡಳು. ಮರುವಾರ ಅದೇ ವೈರಿನಲ್ಲಿ ಮಿಕ್ಸಿಯ ಸದ್ದು ಕೇಳಿಸಿತು. ಅದರ ಹಿಂದೆಯೇ ಒಂದು ಬಟ್ಟಲು ಚಟ್ನಿಯೂ ಬಂತಾದ್ದರಿಂದ ವರದರಾಜ ತಕರಾರು ಮಾಡಲಿಲ್ಲ.

ಯುಪಿಎಸ್ಸಿನ ಹಿಂದೆ ಮೂರು ಪಿನ್ನು. ಮರೆತುಹೋಗಬಾರದೆಂದು ಅವನು ಮೂರಕ್ಕೂ ಚೀಟಿ ಅಂಟಿಸಿದ: ಸು, ಮ, ವಿ. ಮಿಕ್ಕವರು ಹೆಂಡತಿ, ಮಗ, ಮಗಳು ಎಂದು ರೇಷನ್ ಕಾರ್ಡಿನಲ್ಲಿ ಬರೆಸುತ್ತಾರೆ.

ಅಂದಿನಿಂದ ಕರೆಂಟು ಹೋದ ಸಂಜೆಗಳು ಅವನ ಹಬ್ಬಗಳಾದವು. ದೀಪ ಆರಿದ ಅರೆಗಳಿಗೆಯಲ್ಲಿ ವಠಾರದಿಂದ "ವರದರಾಜಾ!", "ವರದಣ್ಣಾ!" ಎಂದು ಕೂಗು ಏಳುತ್ತಿತ್ತು. ಅವನು ಇಳಿದು ಬಂದು ಕುರ್ಚಿಯಲ್ಲಿ ಕೂರುತ್ತಿದ್ದ. ಕರೆಂಟು ಇದ್ದ ಸಂಜೆ ಮಾತ್ರ ಎಲ್ಲರ ಮನೆಯಲ್ಲೂ ಎಲ್ಲವೂ ಇರುತ್ತಿತ್ತು, ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಕೋಣೆಯಲ್ಲಿ ಚಿತ್ರಾನ್ನ ಕಲಸಿಕೊಂಡು, ಬಲ್ಬನ್ನೇ ನೋಡುತ್ತ, 'ಹೋಗಬಾರದೇನು ಇವತ್ತು' ಎಂದು ಕಾಯುತ್ತಿದ್ದ. ಹೋಗದಿದ್ದರೆ ಒಂಬತ್ತಕ್ಕೆ ತಾನೇ ಸ್ವಿಚ್ಚು ಆರಿಸಿ ಮಲಗುತ್ತಿದ್ದ.

ಹೀಗೆ ನಾಲ್ಕು ವರ್ಷ ನಡೆಯಿತು. ಎರಡು ಸಾವಿರದ ಎರಡನೆಯ ಇಸವಿಯ ಬೇಸಿಗೆಯಲ್ಲಿ ದೇವರು ಅವನ ಮೊರೆಯನ್ನು ಅಗತ್ಯಕ್ಕಿಂತ ಹೆಚ್ಚಾಗಿಯೇ ಕೇಳಿಸಿಕೊಂಡ. ದಿನಾ ಸಂಜೆ ಏಳರಿಂದ ಎಂಟರವರೆಗೆ ಕರೆಂಟು ಇಲ್ಲವೆಂದು ಪ್ರಕಟಣೆ ಬಂತು. ಊರೆಲ್ಲ ಶಪಿಸಿತು. ವರದರಾಜ ಎರಡು ಹೊಸ ಶರಟು ಹೊಲಿಸಿಕೊಂಡ.

ಸುಖಕ್ಕೆ ಕಣ್ಣು ತಾಗದೆ ಇರುವುದಿಲ್ಲ. ವಿಶಾಲಾಕ್ಷಮ್ಮನ ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ನಲವತ್ತು ಜನರಿಗೆ ಇಡ್ಲಿ. ಐದು ಸೇರು ಅಕ್ಕಿ ನೆನೆದು ಕೂತಿತ್ತು. ಏಳಕ್ಕೆ ಕರೆಂಟು ಹೋಯಿತು. ಆಕೆ ಒಂದು ಗಳಿಗೆಯೂ ಯೋಚಿಸದೆ 'ವಿ' ವೈರಿಗೆ ರುಬ್ಬುವ ಗ್ರೈಂಡರನ್ನು ಸಿಕ್ಕಿಸಿದಳು.

ಗ್ರೈಂಡರಿನ ಕಲ್ಲು ಒಂದೂವರೆ ಸುತ್ತು ತಿರುಗಿತು. ಮೇಲೆ ಯುಪಿಎಸ್ಸು, ಹೆರಿಗೆ ಕೋಣೆಯಿಂದ ಬರುವಂಥ ಒಂದು ಕೂಗು ಕೂಗಿ, ಸುಮ್ಮನಾಯಿತು. ಎರಡು ಸರ್ವರುಗಳೂ ಅದರ ಹಿಂದೆಯೇ ಕಣ್ಣು ಮುಚ್ಚಿದವು. ಅಂದು ಟೈಪು ಮಾಡಿ ಸೇರಿಸಿದ್ದ ಮುನ್ನೂರು ಮಕ್ಕಳ ಅಂಕಗಳು ಹೊರಟುಹೋದವು. ಗಣಿತದಲ್ಲಿ ಫೇಲಾದವರೂ ಪಾಸಾದವರೂ ಒಂದೇ ಕ್ಷಣದಲ್ಲಿ ಸಮಾನರಾದರು.

ಆ ಹೊತ್ತಿನಲ್ಲಿ ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕರು ಬೆತ್ತದ ಕುರ್ಚಿಯಲ್ಲಿ ಕೂತು ಕಾಫಿಯನ್ನು ಆರಿಸಿಕೊಳ್ಳುತ್ತಿದ್ದರು.

ಯುಪಿಎಸ್ ಕಂಪನಿಯಿಂದ ರಂಜಿನಿ ಎಂಬ ಎಂಜಿನಿಯರು ಬಂದಳು. ಮೂವತ್ತರ ಒಳಗಿನ ಹುಡುಗಿ, ಹೆಗಲಿಗೆ ಸ್ಪ್ಯಾನರುಗಳ ಚೀಲ. ಬ್ಯಾಟರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಎಲ್ಲಾ ಊದ್ಕೊಂಡಿವೆ ಸರ್. ನಾಲ್ಕು ವರ್ಷದಲ್ಲಿ ಹತ್ತು ವರ್ಷದ ಕೆಲಸ ಮಾಡಿಸಿದೀರಿ. ಒಳಗಿನ ಬೋರ್ಡೂ ಸುಟ್ಟಿದೆ. ಹೊಸದೇ ಹಾಕ್ಬೇಕು" ಎಂದಳು. ಆಮೇಲೆ ಪೆಟ್ಟಿಗೆಗೆ ತನ್ನ ಲ್ಯಾಪ್‌ಟಾಪು ಸಿಕ್ಕಿಸಿ, ನಾಲ್ಕು ವರ್ಷ ಯಾವ ಹೊತ್ತಿಗೆ ಎಷ್ಟು ಕರೆಂಟು ಎಳೆದಿದೆ ಎಂಬುದನ್ನೆಲ್ಲ ಅದರ ಹೊಟ್ಟೆಯಿಂದ ಹೊರತೆಗೆದು, ಮುದ್ರಿಸಿ, ಸಮಿತಿಯ ಕಾರ್ಯದರ್ಶಿ ಆತ್ರೇಯನಿಗೆ ಕೊಟ್ಟಳು. ಸತ್ತವರು ಮಾತಾಡುವುದಿಲ್ಲವೆಂದು ವರದರಾಜ ಅಲ್ಲಿಯವರೆಗೆ ನಂಬಿದ್ದ.

ಆತ್ರೇಯ ವರದರಾಜನಿಗಿಂತ ಹದಿನೈದು ವರ್ಷ ಚಿಕ್ಕವನು. ಆಗಷ್ಟೇ ಮೂರು ದಿನದ ಆಡಳಿತ ತರಬೇತಿ ಮುಗಿಸಿ ಬಂದಿದ್ದ, ಸಿಬ್ಬಂದಿಯಲ್ಲಿ ಅಡಗಿರುವ ರತ್ನಗಳನ್ನು ಗುರುತಿಸಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದರು. ಅವನು ಕಾಗದವನ್ನು ಒಮ್ಮೆ ಓದಿದ, ಮತ್ತೊಮ್ಮೆ ಓದಿದ, ಕನ್ನಡಕ ತೆಗೆದು ಒರೆಸಿಕೊಂಡ.

"ವರದರಾಜ್! ಹಗಲು ಹೊತ್ತು ಸರ್ವರುಗಳು ತೆಗೆದುಕೊಳ್ಳೋ ಕರೆಂಟು ಇಷ್ಟು. ಸಂಜೆ ಕರೆಂಟು ಹೋದಾಗ ಇದರ ಮೂರರಷ್ಟು! ಪ್ರತಿ ಸಲಾನೂ! ಭಾನುವಾರಾನೂ ಬಿಟ್ಟಿಲ್ಲ! ಆ ಹೊತ್ತಲ್ಲಿ ಕೋಣೆ ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್... ನನ್ ಹತ್ರ ಸಾರ್. ಸಾರ್, ನಾನು ಹೇಳ್ಬಿಡ್ತೀನಿ, ಏನಾಯ್ತೂಂದ್ರೆ..."

"ಏನೂ ಹೇಳ್ಬೇಡಿ!" ಆತ್ರೇಯ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. "ಊರೆಲ್ಲ ಕರೆಂಟಿಲ್ಲ ಅಂತ ಕೈಕಟ್ಟಿ ಕೂತಿರೋವಾಗ ನೀವು ಒಬ್ರೇ ಇಲ್ಲಿ ಕೂತು ಎರಡು ಸರ್ವರುಗಳನ್ನೂ ದುಡಿಸಿದೀರಿ. ನಾಲ್ಕು ವರ್ಷ! ಒಂದು ದಿನವಾದ್ರೂ ಬಾಯಿ ಬಿಟ್ಟು ಹೇಳ್ಕೊಂಡ್ರಾ?"

"ಇಲ್ಲ ಸಾರ್, ಆದ್ರೆ..."

"ನೋಡಿದ್ರಾ ರಂಜಿನಿಯವ್ರೆ? ಹೇಳ್ಕೊಳ್ಳೋದಕ್ಕೂ ಸಂಕೋಚ! ಹೊಸ ಯುಪಿಎಸ್ ಶುರು ಮಾಡೋ ದಿನಾನೇ ಇವ್ರಿಗೆ ಸನ್ಮಾನ. ಶಾಲು, ಪೇಟ, ಫಲತಾಂಬೂಲ. ನಾಳಿದ್ದು ಶುಕ್ರವಾರ ಸಂಜೆ ಆರಕ್ಕೆ."

ಸನ್ಮಾನ ಎಂಬ ಪದ ಒಮ್ಮೆ ಬಾಯಿಂದ ಬಿದ್ದರೆ ಈ ಬಡಾವಣೆಗಳಲ್ಲಿ ಅದನ್ನು ತಡೆಯುವ ಶಕ್ತಿ ಇನ್ನೂ ಹುಟ್ಟಿಲ್ಲ. ಆತ್ರೇಯ ಆಗಲೇ ಫೋನಿನಲ್ಲಿ ಗಾಂಧಿಬಜಾರಿನ ಹೂವಿನ ಅಂಗಡಿಯನ್ನು ವಿಚಾರಿಸುತ್ತಿದ್ದ.

ರಂಜಿನಿ ಮಾತ್ರ ಯುಪಿಎಸ್ಸಿನ ಹಿಂದೆ ಬಗ್ಗಿ ನೋಡುತ್ತಿದ್ದಳು.

"ಸರ್ವರ್ ಎರಡೇ ಅಲ್ವಾ ಸರ್? ಈ ಸು, ಮ, ವಿ ಯಾವ ಸರ್ವರುಗಳು?"

"ಅವು... ಹಳೇವು."

ಆಕೆ ವೈರು ಹಿಡಿದುಕೊಂಡು ಕಿಟಕಿಯವರೆಗೆ ಹೋದಳು. ಕೆಳಗೆ ಇಣುಕಿದಳು. ಒಂದು ವೈರು ಒಬ್ಬ ಮುದುಕಿಯ ಟೀವಿಯ ಹಿಂದೆ ಮುಗಿದಿತ್ತು, ಒಂದು ಮೇಷ್ಟ್ರ ಮೇಜಿಗೆ, ಇನ್ನೊಂದು ಅಕ್ಕಿ ಅಂಟಿದ ಗ್ರೈಂಡರಿಗೆ. ವಾಪಸು ಬಂದು ವೈರನ್ನು ಕೆಳಗಿಟ್ಟಳು.

"ಹೊಸದಕ್ಕೆ ಈ ಮೂರೂ ಹಾಕಲ್ಲ ಸರ್. ನಾನು ಯಾರಿಗೂ ಹೇಳಲ್ಲ. ಆದ್ರೆ ನೀವು ಕೆಳಗಿನ ಮನೆಯೋರಿಗೆ ಹೇಳ್ಬಿಡಿ."

"ಒಂದಾದ್ರೂ ಇರ್ಲಿ ಅಮ್ಮ. ಸು ಒಂದೇ ಸಾಕು. ಸಣ್ಣ ಟೀವಿ."

"ಇನ್ನೊಂದ್ಸಲ ಸರ್ವರ್ ಬಿದ್ರೆ ಮಕ್ಕಳ ಮಾರ್ಕ್ಸ್ ಯಾರು ಕೊಡ್ತಾರೆ?"

ವರದರಾಜ 'ಸು' ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದ. ಅವನೂ ಫೇಲಾದ ಮಗುವೇ.

ಆ ಸಂಜೆ ಹೇಳಿಬಿಡಬೇಕೆಂದು ನಿಶ್ಚಯ ಮಾಡಿಕೊಂಡು ಮೊದಲು ಸುಂದರಮ್ಮನ ಮನೆಗೆ ಹೋದ. ಆಕೆ ಕುರ್ಚಿಗೆ ಹೊಸ ದಿಂಬು ಹೊಲಿದಿಟ್ಟಿದ್ದಳು.

"ನಿನ್ ಬೆನ್ನು ನೋವು ಅಂತಿದ್ದೆಯಲ್ಲ. ಹತ್ತಿ ಚೆನ್ನಾಗಿದೆ, ನೋಡು ಒರಗಿ."

ಒರಗಿದ. ಚೆನ್ನಾಗಿತ್ತು. ದಿಂಬಿಗೆ ಒರಗಿಕೊಂಡು 'ನಿಮ್ಮ ಟೀವಿ ಇನ್ನು ಕತ್ತಲು' ಎನ್ನುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಎದ್ದು ಬಂದ.

ಮಲ್ಲಿಕಾರ್ಜುನಯ್ಯನವರು ಬಾಗಿಲಲ್ಲೇ ನಿಂತಿದ್ದರು. "ಸನ್ಮಾನ ಅಂತಲ್ಲೋ! ಆತ್ರೇಯ ಬಂದು ಕರೆದ. ನಿನಗೆ ಪಾಠ ಹೇಳಿದ ಮೇಷ್ಟ್ರು ನಾನು, ಎರಡು ಮಾತಾಡ್ಬೇಕಂತೆ. ಮಾತಾಡ್ಲಾ?"

ಬೇಡ ಎಂದು ಹೇಳಲು ವರದರಾಜ ಬಾಯಿ ತೆರೆದ. "ಹೂಂ ಸಾರ್" ಎಂದಿತು ಬಾಯಿ.

ವಿಶಾಲಾಕ್ಷಮ್ಮನಂತೂ ಅವನಿಗೆ ಮಾತಾಡಲೇ ಬಿಡಲಿಲ್ಲ. "ದೊಡ್ಡ ಯುಪಿಎಸ್ ಬರ್ತಿದೆಯಂತೆ ವರದಣ್ಣ? ನನ್ ಗ್ರೈಂಡರ್ ತಡೀಲಿಲ್ಲ ಅಂತ ದೊಡ್ಡದೇ ತರಿಸ್ತಿದಾರಲ್ಲ, ಎಂಥಾ ಜನ ರೀ! ನಾನು ಎಲ್ರಿಗೂ ಹೇಳ್ಬಿಟ್ಟಿದೀನಿ."

"ಎಲ್ರಿಗೂ ಅಂದ್ರೆ?"

"ಮೂಲೆ ಹೂವಿನ ಅಂಜಮ್ಮಂಗೆ ಒಂದ್ ಬಲ್ಬ್ ಬೇಕಂತೆ. ಹಿಂದಿನ ಬೀದಿ ವಠಾರದೋರು ನಾಲ್ಕು ಮನೆ. ಐರನ್ ಅಂಗಡಿಯೋನೂ ಬರ್ತೀನಿ ಅಂದ. ಬರೋವಾಗ ವೈರು ನೀವ್ನೀವೇ ತಂದ್ಬಿಡಿ, ಪಾಪ ವರದಣ್ಣ ಎಲ್ಲಿಂದ ತರ್ತಾನೆ ಅಂದೆ."

ವರದರಾಜ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಶುಕ್ರವಾರ ಮಧ್ಯಾಹ್ನ ರಂಜಿನಿ ಇಬ್ಬರು ಆಳುಗಳನ್ನು ಕರೆತಂದು ಹಳೆಯ ಪೆಟ್ಟಿಗೆಯನ್ನು ಇಳಿಸಿದಳು. ಹಣೆಯ ಕುಂಕುಮ ಇನ್ನೂ ಹಾಗೇ ಇತ್ತು. ಮೆಟ್ಟಿಲಿಳಿಯುವಾಗ ವರದರಾಜ ಹಿಂದಿನಿಂದ ಒಂದು ಕೈ ಕೊಟ್ಟ. ನಾಲ್ಕನೆಯವನಾಗಿ ಹೆಗಲು ಕೊಟ್ಟ ಹಾಗಿತ್ತು. ಹೊಸದು ಬೂದು ಬಣ್ಣದ್ದು. ಹೆಚ್ಚು ಶಕ್ತಿ, ಅರ್ಧ ಗಾತ್ರ. ನೀರೆರೆಯುವ ಹಾಗೂ ಇಲ್ಲ, ಬ್ಯಾಟರಿಗಳೆಲ್ಲ ಸೀಲು ಮಾಡಿ ಬಂದವು. ಕರೆಂಟು ಹೋದರೆ ಕೂಗುವುದೂ ಇಲ್ಲವಂತೆ. ಮೂರು ವೈರುಗಳ ತುದಿಗಳನ್ನು ಆಕೆ ಟೇಪು ಸುತ್ತಿ ಕಿಟಕಿಯ ಸರಳಿಗೆ ಕಟ್ಟಿಬಿಟ್ಟಳು.

"ಹೇಳಿದ್ರಾ ಅವ್ರಿಗೆ?"

"ಹೇಳ್ತೀನಿ."

ಸಂಜೆ ಆರಕ್ಕೆ ಸರ್ವರಿನ ಕೋಣೆಯ ಪಕ್ಕದ ಸಭಾಂಗಣ ತುಂಬಿತು. ಮೂವತ್ತು ಕುರ್ಚಿ ಹಾಕಿಸಿದ್ದ ಆತ್ರೇಯ ಅರವತ್ತು ಜನರನ್ನು ಕಂಡು ಬೆರಗಾದ. "ಒಬ್ಬ ಗುಮಾಸ್ತರ ಮೇಲೆ ಎಂಥ ಪ್ರೀತಿ ನೋಡಿ! ಎಲ್ಲರೂ ಕೈಯಲ್ಲಿ ಏನೋ ಸುತ್ತಿ ತಂದಿದ್ದಾರೆ, ಹಾರವಿರಬೇಕು" ಎಂದು ಪಕ್ಕದವರಿಗೆ ಹೇಳಿದ. ಐರನ್ ಅಂಗಡಿಯವನ ಹಾರದ ತುದಿಯಲ್ಲಿ ಮೂರು ಕಾಲಿನ ಪಿನ್ನು ನೇತಾಡುತ್ತಿತ್ತು.

ಹೊಸ ಯುಪಿಎಸ್ಸಿಗೆ ಪೂಜೆಯಾಯಿತು. ತೆಂಗಿನಕಾಯಿ ಒಡೆಯುವಾಗ ರಂಜಿನಿ ಪೆಟ್ಟಿಗೆಗೆ ಅಡ್ಡ ನಿಂತು, "ನೀರು ಆ ಕಡೆ, ಆ ಕಡೆ!" ಎಂದು ಕೂಗಿದಳು. ವರದರಾಜನಿಗೆ ಶಾಲು ಹೊದಿಸಿದರು. ಮೈಸೂರು ಪೇಟ ಇಟ್ಟರು. ಅದು ಯಾವುದೋ ದೊಡ್ಡ ತಲೆಗೆಂದು ಮಾಡಿದ್ದು, ಮೂಗಿನವರೆಗೆ ಇಳಿದುಬಂತು. ಒಂದು ಲೆಕ್ಕದಲ್ಲಿ ಅವನಿಗೆ ಅದೇ ಬೇಕಾಗಿತ್ತು. ಮುಂದಿನದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ಆತ್ರೇಯ ಇಪ್ಪತ್ತು ನಿಮಿಷ 'ಕತ್ತಲಲ್ಲಿ ದುಡಿದ ದೀಪ' ಎಂಬ ಮಾತನ್ನು ಏಳು ಸಲ ಬಳಸಿ ಕೂತ. ಮಲ್ಲಿಕಾರ್ಜುನಯ್ಯನವರು ಎದ್ದರು.

"ಮಾನ್ಯರೇ, ನಾನು ಸತ್ಯವನ್ನಷ್ಟೇ ಮಾತಾಡುವವನು. ವರದರಾಜನನ್ನು ಹೊಗಳಿದಿರಿ, ಸಂತೋಷ. ಆದರೆ ನಿಜವಾಗಿ ಸನ್ಮಾನ ಆಗಬೇಕಾದ್ದು ಈ ಸಮಿತಿಗೆ. ನಾಲ್ಕು ವರ್ಷದಿಂದ ಕರೆಂಟು ಹೋದಾಗಲೆಲ್ಲ ಈ ಯುಪಿಎಸ್‌ನಿಂದ ವಠಾರದ ಮೂರು ಮನೆಗೆ ಬೆಳಕು ಕೊಡ್ತಿರೋ ಸಂಸ್ಥೆ ಬೆಂಗಳೂರಲ್ಲಿ ಇನ್ನೊಂದಿದೆಯೇ? ಸುಂದರಮ್ಮನವರ ಟೀವಿ ನಡೆದದ್ದು ಇದರಿಂದ. ನನ್ನ ಟೇಬಲ್ ಲೈಟು ಇದರಿಂದ. ವಿಶಾಲಾಕ್ಷಮ್ಮನವರ ಫ್ಯಾನು, ಮಿಕ್ಸಿ..."

"ಗ್ರೈಂಡರು," ಎಂದಳು ವಿಶಾಲಾಕ್ಷಮ್ಮ, ನ್ಯಾಯ ತಪ್ಪಬಾರದೆಂದು.

"ಗ್ರೈಂಡರು. ಇದಕ್ಕೆಲ್ಲ ಲಿಖಿತ ಅನುಮತಿ ಕೊಟ್ಟ ಈ ಸಮಿತಿಗೆ, ವಠಾರದ ಪರವಾಗಿ, ನನ್ನ ಕೃತಜ್ಞತಾಪೂರ್ವಕ ವಂದನೆಗಳು."

ಚಪ್ಪಾಳೆ ಬಿತ್ತು. ಆತ್ರೇಯನೂ ಅಭ್ಯಾಸಬಲದಿಂದ ಮೂರು ಸಲ ತಟ್ಟಿದ. ನಾಲ್ಕನೆಯದಕ್ಕೆ ಅವನ ಕೈಗಳು ಗಾಳಿಯಲ್ಲಿ ನಿಂತುಬಿಟ್ಟವು. ಗೋಡೆಯ ಗಡಿಯಾರದಲ್ಲಿ ಏಳು ಗಂಟೆ. ಕರೆಂಟು ಹೋಯಿತು.

ಪಕ್ಕದ ಕೋಣೆಯಲ್ಲಿ ಸರ್ವರುಗಳ ಹಸಿರು ಕಣ್ಣು ಮಿಟುಕಲೂ ಇಲ್ಲ. ಹೊಸ ಯುಪಿಎಸ್ಸು ಸದ್ದಿಲ್ಲದೆ ತನ್ನ ಕೆಲಸ ತಾನು ಮಾಡಿತು. ಕೆಳಗೆ ಇಡೀ ವಠಾರ ಬಾವಿಯ ಹಾಗೆ ಕಪ್ಪಾಗಿತ್ತು.

"ಅಯ್ಯೋ, ನನ್ ಟೀವಿ ಹಾಕ್ಕೊಂಡೇ ಬಂದಿದ್ದೆ, ಸದ್ದೇ ಇಲ್ವಲ್ಲ!" ಸುಂದರಮ್ಮನ ದನಿ.

"ವರದಣ್ಣ, ಸನ್ಮಾನ ಆಮೇಲೆ ಮಾಡಿಸ್ಕೋ, ಮೊದ್ಲು ವೈರ್ ನೋಡು!" ವಿಶಾಲಾಕ್ಷಮ್ಮ.

"ನಮ್ದೂ ಇದೇ ಹೊತ್ತಲ್ಲಿ ಹಾಕ್ಬಿಡಿ ಸಾಮಿ, ತಂದಿದೀನಿ!" ಎಂದು ಐರನ್ ಅಂಗಡಿಯವನು. ಅವನ ಹಿಂದೆ ಕತ್ತಲಲ್ಲಿ ಇಪ್ಪತ್ತು ಕೈಗಳು ವೈರಿನ ಸುರುಳಿಗಳನ್ನು ಮೇಲೆತ್ತಿದ ಸದ್ದು ಕೇಳಿಸಿತು.

"ವರದರಾಜ್," ಎಂದ ಆತ್ರೇಯ ಮೆಲ್ಲಗೆ. "ಏನಿದು?"

ವರದರಾಜ ಪೇಟವನ್ನು ಇನ್ನೊಂದಿಷ್ಟು ಕೆಳಗೆ ಎಳೆದುಕೊಂಡ.

"ಏನೋ, ಅನುಮತಿ ಇದೆ ಅಂದಿದ್ದೆಯಲ್ಲ?" ಮಲ್ಲಿಕಾರ್ಜುನಯ್ಯನವರ ದನಿ. "ಇಲ್ವಾ?"

"ಹೂಂ ಸಾರ್."

ಇದ್ದರೂ ಹೂಂ, ಇಲ್ಲದಿದ್ದರೂ ಹೂಂ. ಮೇಷ್ಟ್ರು ಕತ್ತಲಲ್ಲೇ ತಡವರಿಸುತ್ತ ಮೆಟ್ಟಿಲಿಳಿದು ಹೋದರು. ಜೀವನದಲ್ಲಿ ಮೊದಲ ಸಲ ಅವರ ಭಾಷಣದಲ್ಲಿ ಸುಳ್ಳು ಸೇರಿತ್ತು.

ಹೊದಿಸಿದ ಶಾಲನ್ನು ವಾಪಸು ತೆಗೆದುಕೊಳ್ಳುವ ವಿಧಿ ಯಾವ ಸಮಿತಿಯ ನಿಯಮಾವಳಿಯಲ್ಲೂ ಇಲ್ಲವಾದ್ದರಿಂದ ಶಾಲು ವರದರಾಜನಲ್ಲೇ ಉಳಿಯಿತು. ಪೇಟ ಬಾಡಿಗೆಯದು, ಹೋಯಿತು. ಮರುದಿನ ಕಾರಣ ಕೇಳುವ ನೋಟೀಸು ಕೊಡಬೇಕೆಂದಾಯಿತು. ಕಚೇರಿಯಲ್ಲಿ ಕನ್ನಡ ಟೈಪಿಂಗ್ ಬರುತ್ತಿದ್ದವನು ವರದರಾಜ ಒಬ್ಬನೇ. ತನ್ನ ಮೇಲಿನ ನೋಟೀಸನ್ನು ತಾನೇ ಬೆರಳಚ್ಚು ಮಾಡಿ, 'ಅಕ್ಷಮ್ಯ'ದಲ್ಲಿ ಆತ್ರೇಯ ಬಿಟ್ಟಿದ್ದ ಒತ್ತಕ್ಷರವನ್ನು ಸೇರಿಸಿ, ಮೂರು ಪ್ರತಿ ತೆಗೆದು, ಒಂದನ್ನು ಸಹಿ ಹಾಕಿ ಸ್ವೀಕರಿಸಿದ. ಕೆಲಸ ಹೋಗಲಿಲ್ಲ. ಸರ್ವರಿನ ಬಾಗಿಲಿಗೆ ಅಷ್ಟು ಹತ್ತಿರದ ಮೇಜು ಬೇರೆ ಯಾರದ್ದೂ ಇರಲಿಲ್ಲ.

ಹೋದದ್ದು ಸಂಜೆಗಳು.

ಶನಿವಾರ ಕರೆಂಟು ಹೋಯಿತು. ಯಾರೂ ಕೂಗಲಿಲ್ಲ. ಭಾನುವಾರ ಹೋಯಿತು. ಕೂಗಲಿಲ್ಲ. ಸೋಮವಾರದಿಂದ ಏಳರ ಹೊತ್ತಿಗೆ ಅವನು ಸರ್ವರಿನ ಕೋಣೆಯಲ್ಲೇ ಉಳಿಯತೊಡಗಿದ. ಇಡೀ ಬೀದಿಗೆ ಅಲ್ಲಿ ಮಾತ್ರ ದೀಪ. ಹೊಸ ಪೆಟ್ಟಿಗೆಗೆ ಮೌನವ್ರತ. ಹಳೆಯದಾದರೆ ಕರೆಂಟು ಹೋದಾಗ ನಾಲ್ಕು ಸಲ ಕೂಗಿ ಕರೆಯುತ್ತಿತ್ತು, ಇವನೂ "ಬಂದೆ ಬಂದೆ" ಎನ್ನುತ್ತಿದ್ದ. ಇದಕ್ಕೆ ಇವನಿಂದ ಏನೂ ಬೇಡ. ನೀರು ಕೂಡ. ಒಂದು ಸಂಜೆ ಶಾಲು ಹೊದ್ದುಕೊಂಡು ಅದರ ಎದುರು ಕೂತು, "ಊಟ ಆಯ್ತಾ?" ಎಂದು ಕೇಳಿದ. ಬ್ಯಾಟರಿ ನೂರು ಪರ್ಸೆಂಟ್ ಎಂದು ತೋರಿಸಿತು.

ಕೆಳಗೆ ಟೀವಿ ಇಲ್ಲ, ಓದುವ ದೀಪ ಇಲ್ಲ, ಫ್ಯಾನು ಇಲ್ಲ. ಮನೆಯೊಳಗೆ ಇರಲಾರದೆ ಎಲ್ಲರೂ ಜಗಲಿಗೆ ಬಂದು ಕೂರುತ್ತಿದ್ದರು. ಮಾತು, ನಗು, ಮಕ್ಕಳ ಅಳು ಕಿಟಕಿಯವರೆಗೆ ಏರಿ ಬರುತ್ತಿತ್ತು. ಬೆಳಕೆಲ್ಲ ಮೇಲೆ, ಜನವೆಲ್ಲ ಕೆಳಗೆ.

ಗುರುವಾರ ವಿಶಾಲಾಕ್ಷಮ್ಮನ ದನಿ ಕೇಳಿಸಿತು. "ಯಾರ್ರೀ ಅದು ಮೇಲೆ? ದೀಪ ಕಣ್ಣಿಗೆ ಹೊಡೀತಿದೆ!"

ಯಾರೆಂದು ಆಕೆಗೆ ಗೊತ್ತಿತ್ತು. ಹೆಸರು ಹಿಡಿಯಲಿಲ್ಲ, ಅಷ್ಟೆ. ವರದರಾಜ ಎದ್ದು ದೀಪ ಆರಿಸಿದ.

ಕತ್ತಲಲ್ಲಿ ಒಬ್ಬನೇ ಕೂತ. ಆಮೇಲೆ ಮೆಟ್ಟಿಲಿಳಿದು ತನ್ನ ಕೋಣೆಗೆ ಹೋಗಿ ಮಲಗುವುದೆಂದು ಹೊರಟ. ಹಿತ್ತಿಲಲ್ಲಿ ಕಣ್ಣಿಗೆ ಬೆರಳಿಟ್ಟರೂ ಕಾಣದಂಥ ಅಮಾವಾಸ್ಯೆ. ಗೋಡೆ ತಡವಿದಾಗ ಕೈಗೆ 'ಸು' ವೈರು ಸಿಕ್ಕಿತು. ಜೀವವಿಲ್ಲದ ವೈರು, ಇನ್ನೂ ಯಾರೂ ಬಿಚ್ಚಿರಲಿಲ್ಲ. ಅದನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟ. ಅವನ ಕೋಣೆ ಎಡಕ್ಕಿತ್ತು. ವೈರು ಬಲಕ್ಕೆ ಹೋಗುತ್ತಿತ್ತು. ಬಿಡಬೇಕಾದ ಕಡೆ ಅವನ ಕೈ ಬಿಡಲಿಲ್ಲ. ಮಂಡಿಗೆ ಜಗಲಿಯ ಅಂಚು ತಗುಲಿತು. ಅಲ್ಲೊಂದು ಮನುಷ್ಯನಷ್ಟು ಜಾಗ ಖಾಲಿ ಇದ್ದ ಹಾಗಿತ್ತು. ಸದ್ದು ಮಾಡದೆ ಕೂತ.

"ದೀಪ ಆರಿಸ್ಬಿಟ್ಟ ನೋಡಿ," ಪಕ್ಕದಲ್ಲೇ ಸುಂದರಮ್ಮನ ದನಿ. "ಪಾಪ, ಮೇಲೆ ಕತ್ತಲಲ್ಲಿ ಒಬ್ನೇ ಕೂತಿರ್ತಾನೆ."

"ಕೂತ್ಕೊಳ್ಲಿ ಬಿಡಿ," ವಿಶಾಲಾಕ್ಷಮ್ಮ. "ಮೇಷ್ಟ್ರ ಮಾನ ಕಳೆದ."

"ನನ್ನ ಮಾನ ನಾನೇ ಕಳ್ಕೊಂಡೆ ತಾಯಿ," ಮೇಷ್ಟ್ರು ಎಲ್ಲಿಂದಲೋ ಅಂದರು. "ಭಾಷಣ ಮಾಡು ಅಂತ ಅವನೇನು ಕೇಳಿರ್ಲಿಲ್ಲ. ಅವನ ಹೂಂ ಎಂಥದ್ದು ಅಂತ ನನಗೆ ಏಳನೇ ಕ್ಲಾಸಿಂದ ಗೊತ್ತಿತ್ತು. ನನಗೂ ದೀಪ ಬೇಕಿತ್ತು, ನಂಬಿದೆ."



"ಅಲ್ಲ, ಟೀವಿ ಇಲ್ದಿದ್ರೂ ಬಂದು ಕೂತ್ಕೋಬಹುದಿತ್ತಲ್ಲ ಅವ್ನು," ಎಂದಳು ಸುಂದರಮ್ಮ. "ಕುರ್ಚಿಗೇನು ಕರೆಂಟ್ ಬೇಕಾ? ದಿಂಬು ಹೊಲಿದಿಟ್ಟು ಎಂಟು ದಿನ ಆಯ್ತು. ಪಾಪ ಅಲ್ವೇನ್ರೀ?"

ಕೊನೆಯ ಮಾತನ್ನು ಆಕೆ ಪಕ್ಕದಲ್ಲಿ ಕೂತವರ ಕಡೆ ತಿರುಗಿ ಕೇಳಿದ್ದಳು. ಪಕ್ಕದಲ್ಲಿ ಕೂತಿದ್ದವನು ವರದರಾಜ.

"ಹೂಂ," ಎಂದ, ಗಂಟಲಿನ ತಳದಿಂದ. "ಪಾಪ."

ಯಾರೂ ಗುರುತಿಸಲಿಲ್ಲ. ವಿಶಾಲಾಕ್ಷಮ್ಮನ ತಟ್ಟೆಯೊಂದು ಕತ್ತಲಲ್ಲಿ ಕೈಯಿಂದ ಕೈಗೆ ಬರುತ್ತಿತ್ತು. "ತಗೊಳಿ, ಚಕ್ಕುಲಿ" ಎಂದು ಯಾರೋ ಅವನ ಮಡಿಲಿಗಿಟ್ಟರು. ಅವನು ಒಂದು ತೆಗೆದುಕೊಂಡು ತಟ್ಟೆಯನ್ನು ದಾಟಿಸಿದ. ಕಡಿದರೆ ಸದ್ದಾಗುತ್ತದೆ, ಸದ್ದಾದರೆ ಯಾರೆಂದು ಕೇಳುತ್ತಾರೆ. ಚಕ್ಕುಲಿಯ ಒಂದು ಅಂಚನ್ನು ತುಟಿಗಳ ನಡುವೆ ಇಟ್ಟುಕೊಂಡು, ಅದು ತಾನಾಗಿ ನೆನೆಯಲೆಂದು ಕಾದ.

ದೂರದಲ್ಲಿ ಮೂರನೇ ಮೇನ್ ರಸ್ತೆಯ ದೀಪಗಳು ಹತ್ತಿದವು. ಮಕ್ಕಳು "ಬಂತೂ!" ಎಂದು ಕೂಗಿದ್ದು ಕೇಳಿಸಿತು. ಇನ್ನು ನಾಲ್ಕನೇ ಮೇನು, ಆಮೇಲೆ ಇವರದು.

ವರದರಾಜ ಕತ್ತಲಲ್ಲಿ ಕಣ್ಣು ಮುಚ್ಚಿ, ಚಕ್ಕುಲಿ ಬೀಳದ ಹಾಗೆ ನೋಡಿಕೊಂಡು, ಎರಡೂ ಕೈ ಮುಗಿದ. ಜಾಸ್ತಿ ಬೇಡ, ಇದು ನೆನೆಯುವಷ್ಟು ಹೊತ್ತು.